ಫ್ರಿಜ್ಜಿಗೆ ಗೂಡು ಕಟ್ಟಿಸುವ ಮುನ್ನ



ಮನೆಗೆ ಬಣ್ಣ ಹೊಡೆಸುವಾಗಲೋ, ಅಡುಗೆಮನೆಗೆ ಹೊಸ ಕಪಾಟು ಹಾಕಿಸುವಾಗಲೋ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಾಗೇ ಫ್ರಿಜ್ಜಿಗೂ ಒಂದು ಗೂಡು ಮಾಡಿಸಿಬಿಡೋಣ." ಎರಡು ಪಕ್ಕಕ್ಕೂ ಹಲಗೆ, ತಲೆಯ ಮೇಲೊಂದು ಕಪಾಟು, ಎಲ್ಲಕ್ಕೂ ಒಂದೇ ಬಣ್ಣದ ಮೈಕಾ. ನೋಡಲು ಚೆನ್ನ. ಫ್ರಿಜ್ಜಿನ ಮೇಲೆ ಬಂದು ಸೇರುವ ಖಾಲಿ ಡಬ್ಬ, ಹಳೇ ಕ್ಯಾಲೆಂಡರು, ಔಷಧಿ ಚೀಟಿ, ಬೀಗದ ಕೈಗಳ ಸಂತೆಯೂ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ಅಡುಗೆಮನೆಯಲ್ಲಿ ಮೇಲಿನ ಜಾಗ ಸಾಮಾನಿಡಲು ಒದಗುತ್ತದೆ. ಇಷ್ಟು ಅನುಕೂಲ ಇರುವಾಗ ಬೇಡ ಅನ್ನುವವಳು ನಾನಲ್ಲ. ಮಾಡಿಸಿ, ಧಾರಾಳವಾಗಿ ಮಾಡಿಸಿ. ಆದರೆ ಬಡಗಿಯವರು ಮೊದಲ ಹಲಗೆ ಕೊಯ್ಯುವುದಕ್ಕೆ ಮುಂಚೆ ಈ ಪುಟಗಳನ್ನು ಒಮ್ಮೆ ಓದಿಕೊಳ್ಳಿ. ಗೂಡು ಮಾಡಿಸುವುದೆಂದರೆ ದೇವರ ಪಟಕ್ಕೆ ಕಟ್ಟು ಹಾಕಿಸಿದ ಹಾಗಲ್ಲ. ಹಗಲೂ ರಾತ್ರಿ ಬಿಸಿ ಉಗುಳುವ ಒಂದು ಯಂತ್ರಕ್ಕೆ ಕೋಣೆ ಕಟ್ಟಿಸಿದ ಹಾಗೆ. ಕೋಣೆ ಅಂದ ಮೇಲೆ ಗಾಳಿ ಬರಲು, ಹೋಗಲು ದಾರಿ ಬೇಡವೇ?

ಮೊದಲು ಈ ತೊಂದರೆ ಇರಲಿಲ್ಲ. ಗೋದ್ರೆಜ್ ಕಂಪನಿಯವರು ನಮ್ಮ ದೇಶದಲ್ಲೇ ಫ್ರಿಜ್ಜು ತಯಾರಿಸಿದ್ದು 1958ರಲ್ಲಿ. ಅದಾದ ಮೇಲೂ ಬಹಳ ವರ್ಷ ನಮ್ಮ ಕಡೆಯ ಊರುಗಳಲ್ಲಿ ಅದು ಅಪರೂಪದ ವಸ್ತುವೇ. ಬಂದ ಮನೆಗಳಲ್ಲೂ ಅದಕ್ಕೆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ನಿಲ್ಲುತ್ತಿತ್ತು. ತಲೆಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ, ಹಿಡಿಗೊಂದು ಜರತಾರಿ ಕವಚ! ಹಿರಿಯರು ಅದನ್ನು 'ತಂಗಳು ಪೆಟ್ಟಿಗೆ' ಅಂತ ಹಾಸ್ಯ ಮಾಡುತ್ತಿದ್ದರು. ಆದರೆ ನಾಲ್ಕೂ ಕಡೆ ಬಯಲಿದ್ದದ್ದರಿಂದ ಅದಕ್ಕೆ ಸೆಕೆ ಎನ್ನುವುದು ಗೊತ್ತಿರಲಿಲ್ಲ. ಈಗ ಅದು ಅಡುಗೆಮನೆಗೆ ಬಂದಿದೆ, ಒಲೆಯ ನೆರೆಗೆ ಬಂದಿದೆ, ಈಗ ನಾವು ಅದರ ಸುತ್ತ ಗೋಡೆಯನ್ನೂ ಎಬ್ಬಿಸುತ್ತಿದ್ದೇವೆ.

ಫ್ರಿಜ್ಜು ಏನು ಮಾಡುತ್ತದೆ?

ಫ್ರಿಜ್ಜು ತಂಪನ್ನು ತಯಾರಿಸುತ್ತದೆ ಅಂತ ನಾವು ತಿಳಿದಿದ್ದೇವೆ. ನಿಜವಾಗಿ ಅದು ಮಾಡುವುದು ಬಿಸಿ ಸಾಗಿಸುವ ಕೆಲಸ. ನೀವು ಇಟ್ಟ ಹಾಲು, ಸಾರು, ತರಕಾರಿಯಲ್ಲಿರುವ ಬಿಸಿಯನ್ನು ಒಳಗಿನಿಂದ ಎತ್ತಿಕೊಂಡು ಹೊರಗೆ ಚೆಲ್ಲುತ್ತದೆ. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದರೆ ನಾವು ಮೊಗೆದು ಹೊಸ್ತಿಲಾಚೆ ಚೆಲ್ಲುವುದಿಲ್ಲವೇ, ಹಾಗೆ. ಹೊಸ್ತಿಲಾಚೆ ಚರಂಡಿ ಕಟ್ಟಿಕೊಂಡಿದ್ದರೆ? ಚೆಲ್ಲಿದ ನೀರು ಮತ್ತೆ ಒಳಗೇ ಬರುತ್ತದೆ, ಮೊಗೆಯುವವರ ರಟ್ಟೆ ಬೀಳುತ್ತದೆ. ಗಾಳಿಯಾಡದ ಗೂಡಿನಲ್ಲಿ ಫ್ರಿಜ್ಜಿನ ಪಾಡೂ ಅದೇ. ಹೊರಗೆ ಹಾಕಿದ ಬಿಸಿ ಅಲ್ಲೇ ನಿಲ್ಲುತ್ತದೆ, ಕಂಪ್ರೆಸರು ಬಿಡುವಿಲ್ಲದೆ ದುಡಿಯುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ, ಅಷ್ಟಾಗಿಯೂ ಒಳಗೆ ಸರಿಯಾದ ತಂಪಿರುವುದಿಲ್ಲ.

ಈ ಬಿಸಿ ಎಲ್ಲಿಂದ ಹೊರಬರುತ್ತದೆ ಅನ್ನುವುದನ್ನು ನಿಮ್ಮ ಫ್ರಿಜ್ಜಿನಲ್ಲೇ ನೋಡಿ ತಿಳಿದುಕೊಳ್ಳಬೇಕು. ಹಳೆಯ ಫ್ರಿಜ್ಜುಗಳಲ್ಲಿ ಹಿಂಭಾಗದಲ್ಲಿ ಕಪ್ಪು ಬಣ್ಣದ ಸರಳುಗಳ ಜಾಲರಿ ಇರುತ್ತದೆ, ಬಿಸಿ ಅಲ್ಲಿಂದ. ಈಗಿನ ಅನೇಕ ಮಾದರಿಗಳಲ್ಲಿ ಆ ಜಾಲರಿ ಕಾಣುವುದೇ ಇಲ್ಲ. ಹಿಂದೆ ನುಣುಪಾಗಿದೆ, ಗೋಡೆಗೆ ಒತ್ತಿ ಇಡಬಹುದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಜಾಲರಿ ಎಲ್ಲೂ ಹೋಗಿಲ್ಲ, ಪಕ್ಕದ ತಗಡಿನ ಒಳಗೆ ಅಡಗಿ ಕೂತಿದೆ! ಮಧ್ಯಾಹ್ನದ ಹೊತ್ತು ಫ್ರಿಜ್ಜಿನ ಎರಡೂ ಪಕ್ಕ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಅದು ರೋಗವಲ್ಲ, ಅದರ ಸ್ವಭಾವ. ಆದರೆ ಅಂಥ ಫ್ರಿಜ್ಜಿನ ಪಕ್ಕಕ್ಕೆ ಹಲಗೆ ಅಂಟಿಸಿ ನಿಲ್ಲಿಸಿದಿರೋ, ಅದಕ್ಕೆ ಏಪ್ರಿಲ್ ತಿಂಗಳಲ್ಲಿ ಕಂಬಳಿ ಹೊದಿಸಿದ ಹಾಗೆ.

ಇನ್ನೊಂದು ಸಂಗತಿ. ಫ್ರಿಜ್ಜಿನ ಮೈಮೇಲೆ ಕಂಪನಿಯವರ ಒಂದು ಸಣ್ಣ ಚೀಟಿ ಇರುತ್ತದೆ, ಒಳಗಡೆ ಅಥವಾ ಹಿಂದುಗಡೆ. ಅದರಲ್ಲಿ ಹವಾಮಾನದ ವರ್ಗವನ್ನು ಇಂಗ್ಲಿಷ್ ಅಕ್ಷರದಲ್ಲಿ ಸೂಚಿಸಿರುತ್ತಾರೆ. 'ಎನ್' ಎಂದಿದ್ದರೆ ಸುತ್ತಲಿನ ಗಾಳಿ 32 ಡಿಗ್ರಿ ಸೆಲ್ಷಿಯಸ್‌ವರೆಗೆ, 'ಎಸ್‌ಟಿ' ಎಂದಿದ್ದರೆ 38ರವರೆಗೆ, 'ಟಿ' ಎಂದಿದ್ದರೆ 43ರವರೆಗೆ ಇದ್ದಾಗ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದು ಅರ್ಥ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 40 ದಾಟುತ್ತದೆ. ಅಡುಗೆಮನೆಯ ಸೆಕೆ, ಅದರ ಮೇಲೆ ಮುಚ್ಚಿದ ಗೂಡಿನ ಸೆಕೆ ಸೇರಿದರೆ ಫ್ರಿಜ್ಜಿನ ಸುತ್ತಲಿನ ಗಾಳಿ 43 ಮೀರುವುದಕ್ಕೆ ಎಷ್ಟು ಹೊತ್ತು? ಮೈಸೂರು, ಹಾಸನದ ಕಡೆಯವರು ನಮಗೇನೂ ಆಗೋದಿಲ್ಲ ಅಂತ ನಿಶ್ಚಿಂತೆಯಾಗಿರುವುದೂ ಬೇಡ. ಮುಚ್ಚಿದ ಗೂಡು ತನ್ನ ಸೆಕೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಒಂದು ಮನೆಯ ಕಥೆ

ಇದರಿಂದ ಏನಾದೀತು ಅನ್ನುವುದಕ್ಕೆ ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳ್ತೀನಿ. ಸಂಕ್ರಾಂತಿ ಹೊತ್ತಿಗೆ ಅಡುಗೆಮನೆ ಹೊಸದು ಮಾಡಿಸಿದರು. "ಸಂದು ಬಿಟ್ಟರೆ ಜಿರಳೆ ಸೇರುತ್ತೆ ಅಮ್ಮಾ" ಅಂತ ಬಡಗಿ ಫ್ರಿಜ್ಜಿನ ಮೈಗೆ ಅಂಟಿದ ಹಾಗೆ ಗೂಡು ಕೂರಿಸಿಕೊಟ್ಟ. ಕೆಲಸ ಬಲು ಅಚ್ಚುಕಟ್ಟು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಯುಗಾದಿ ಕಳೆಯುತ್ತಲೇ ರಾತ್ರಿ ಇಟ್ಟ ಹಾಲು ಬೆಳಿಗ್ಗೆ ಕಾಯಿಸಿದರೆ ಒಡೆಯತೊಡಗಿತು. ಇಡ್ಲಿ ಹಿಟ್ಟು ಒಳಗೇ ಹುಳಿ ಬಂದು ಉಕ್ಕತೊಡಗಿತು. ರಿಪೇರಿಯವರು ಬಂದು ಗ್ಯಾಸ್ ತುಂಬಿ ಹೋದರು, ಇನ್ನೊಮ್ಮೆ ಬಂದು ಇನ್ನೊಮ್ಮೆ ತುಂಬಿ ಹೋದರು.

ಹಾಲು ಹೋದರೆ ಹೋಯಿತು ಅನ್ನಿ. ಆ ಮನೆಯ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಮಗ ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದರು. ಸೂಜಿ ತಪ್ಪಿಸದೆ ಹಾಕಿಕೊಂಡರೂ ಸಕ್ಕರೆ ಇಳಿಯಲಿಲ್ಲ. ಮನೆಯವರಿಗೆ ಅನುಮಾನ ಬಂದದ್ದು ಯಾರ ಮೇಲೆ ಗೊತ್ತೇ? ಆ ಹಿರಿಯ ಜೀವದ ಮೇಲೆ! "ಕದ್ದು ಸಿಹಿ ತಿಂತೀರಾ ಅತ್ತೆ?" ಅಂತ ಸೊಸೆ ಕೇಳಿದಳು. ಅವರು ಉತ್ತರ ಕೊಡಲಿಲ್ಲವಂತೆ. ಅಂದಿನಿಂದ ಕಾಫಿ ಕುಡಿಯುವುದನ್ನೇ ಬಿಟ್ಟರಂತೆ. ಕೊನೆಗೆ ವೈದ್ಯರು, "ಔಷಧಿ ಎಲ್ಲಿಡ್ತೀರಿ? ಫ್ರಿಜ್ಜು ಸರಿಯಾಗಿದೆಯೇ?" ಅಂತ ಕೇಳಿದಾಗ ಎಲ್ಲ ಬೆಳಕಿಗೆ ಬಂತು. ಇಟ್ಟ ಇನ್ಸುಲಿನ್ ಎಲ್ಲ ಬಿಸಾಡಿ ಹೊಸದು ತರಿಸಿದರು. ಮೂರನೆಯ ಬಾರಿ ಬಂದ ರಿಪೇರಿಯವನು ಪಕ್ಕದ ಸಂದಿಗೆ ಬೆರಳು ತೂರಿಸಲು ನೋಡಿ, ಆಗದೆ, "ಫ್ರಿಜ್ಜಿಗೆ ಏನೂ ಆಗಿಲ್ಲ ಅಮ್ಮಾ, ಉಸಿರು ಕಟ್ಟಿದೆ ಅಷ್ಟೆ" ಅಂದ. ಗೂಡಿನ ಒಂದು ಪಕ್ಕ ಬಿಚ್ಚಿದ ಮೇಲೆ ಫ್ರಿಜ್ಜು ಸರಿಹೋಯಿತು. ಸೊಸೆ ಅತ್ತೆಯ ಕಾಲು ಮುಟ್ಟಿ ಕ್ಷಮೆ ಕೇಳಿದಳು. ಅವರೂ ದೊಡ್ಡ ಮನಸ್ಸಿನವರು, ನಕ್ಕುಬಿಟ್ಟರು.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಷಿಯಸ್ ನಡುವೆ ಇಡಬೇಕು. ಅದು ಸೆಕೆಗೆ ಸತ್ವ ಕಳೆದುಕೊಂಡರೂ ನೋಡಲು ಹಾಗೇ ಇರಬಹುದು. ಹಾಲಾದರೆ ಒಡೆದು ಹೇಳುತ್ತದೆ, ಔಷಧಿ ಹೇಳುವುದಿಲ್ಲ. ಆದ್ದರಿಂದ ಮನೆಯಲ್ಲಿ ಇಂಥ ಔಷಧಿ ಇದ್ದವರು ಗೂಡಿನ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು.

ಚಿತ್ರದ ಫ್ರಿಜ್ಜೇ ಬೇರೆ

"ಮತ್ತೆ ಫೋನಿನಲ್ಲಿ ಬರುವ ಚಿತ್ರಗಳಲ್ಲಿ ಫ್ರಿಜ್ಜು ಕಪಾಟಿನ ಒಳಗೇ ಅಡಗಿರುತ್ತದಲ್ಲ?" ಅಂತ ನೀವು ಕೇಳಬಹುದು. ಅವು ಗೂಡಿನೊಳಗೆ ಇಡಲೆಂದೇ ತಯಾರಾದ 'ಬಿಲ್ಟ್ ಇನ್' ಫ್ರಿಜ್ಜುಗಳು. ಅವುಗಳಿಗೆ ಕೆಳಗಿನ ಪಟ್ಟಿಯಲ್ಲಿ ಗಾಳಿ ಒಳಬರಲು ಕಂಡಿ, ಹಿಂದೆ ಕೊಳವೆಯಂಥ ಖಾಲಿ ಜಾಗ, ಮೇಲೆ ಬಿಸಿಗಾಳಿ ಹೊರಹೋಗಲು ಇನ್ನೊಂದು ಕಂಡಿ ಇರಲೇಬೇಕು. ಚಿತ್ರದಲ್ಲಿ ಬಾಗಿಲು ಕಾಣುತ್ತದೆ, ಕಂಡಿ ಕಾಣುವುದಿಲ್ಲ, ಅಷ್ಟೆ. ನಮ್ಮ ಮನೆಗಳಲ್ಲಿರುವುದು ತಾನೇ ತಾನಾಗಿ ನಿಲ್ಲುವ ಸಾಧಾರಣ ಫ್ರಿಜ್ಜು. ಅದಕ್ಕೆ ಮುಂದೆ ಮರದ ಬಾಗಿಲು ಯಾವ ಕಾರಣಕ್ಕೂ ಬೇಡ. ಎರಡು ಪಕ್ಕ, ಮೇಲೊಂದು ಕಪಾಟು ಇಷ್ಟೇ ಸಾಕು.

ಆದರೂ ಆ ಚಿತ್ರದಿಂದ ಕಲಿಯಬೇಕಾದ ಒಂದು ಪಾಠ ಇದೆ. ಬಿಸಿಗಾಳಿ ಯಾವಾಗಲೂ ಮೇಲಕ್ಕೆ ಏರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಹಳೆಯ ಅಡುಗೆಮನೆಗಳಲ್ಲಿ ಹೊಗೆ ಹೋಗಲು ಸೂರಿನಲ್ಲಿ ಬೆಳಕಿಂಡಿ ಇರುತ್ತಿತ್ತಲ್ಲ, ಅದೇ ನ್ಯಾಯ. ಕೆಳಗೆ ಬರುವ ದಾರಿ, ಹಿಂದೆ ಏರುವ ದಾರಿ, ಮೇಲೆ ಹೋಗುವ ದಾರಿ. ಈ ಮೂರರಲ್ಲಿ ಒಂದು ಮುಚ್ಚಿದರೂ ಉಳಿದೆರಡು ಇದ್ದು ಪ್ರಯೋಜನವಿಲ್ಲ.

ಅಳತೆ ಹೇಗೆ?

ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು. ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ಸೇವಾ ಕೇಂದ್ರಕ್ಕೆ ಫೋನು ಮಾಡಿ ಮಾದರಿಯ ಸಂಖ್ಯೆ ಹೇಳಿ ಕೇಳಿ. ಅದೂ ಆಗದಿದ್ದರೆ ಪ್ರತಿ ಪಕ್ಕಕ್ಕೂ 2 ಇಂಚು, ಹಿಂದೆ 4 ಇಂಚು, ಮೇಲೆ ಕಡೇಪಕ್ಷ 6 ಇಂಚು ಬಿಡಿ. ಕೆಲವು ಮಾದರಿಗಳು ಮೇಲೆ 12 ಇಂಚು ಕೇಳುತ್ತವೆ. ಹೆಚ್ಚು ಬಿಟ್ಟರೆ ನಷ್ಟವಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ನಿಮ್ಮದು ಒಂದೇ ಬಾಗಿಲಿನ ಸಾಧಾರಣ ಫ್ರಿಜ್ಜು, ಅಗಲ 21 ಮುಕ್ಕಾಲು ಇಂಚು, ಆಳ ಬಾಗಿಲೂ ಸೇರಿ 25 ಇಂಚು, ಎತ್ತರ ಸ್ಟ್ಯಾಂಡೂ ಸೇರಿ 48 ಇಂಚು ಅಂದುಕೊಳ್ಳಿ.

ಗೂಡಿನ ಒಳಗಿನ ಅಗಲ: 21 ಮುಕ್ಕಾಲಿಗೆ ಎರಡೂ ಪಕ್ಕದ 2 ಇಂಚು ಸೇರಿಸಿ, 25 ಮುಕ್ಕಾಲು ಇಂಚು.

ಮೇಲಿನ ಕಪಾಟಿನ ತಳ: ನೆಲದಿಂದ 48ಕ್ಕೆ 6 ಸೇರಿ 54 ಇಂಚು ಎತ್ತರದಲ್ಲಿ.

ಪಕ್ಕದ ಹಲಗೆ: ಅಗಲ 24 ಇಂಚು, ಎತ್ತರ 78 ಇಂಚು, ಅಂದರೆ ಆರೂವರೆ ಅಡಿ.

ಈ 24 ಇಂಚಿನಲ್ಲಿ ಒಂದು ಗುಟ್ಟಿದೆ. ಪ್ಲೈವುಡ್ ಶೀಟು ಬರುವುದು 8 ಅಡಿ ಉದ್ದ, 4 ಅಡಿ ಅಗಲ. ಬಡಗಿಯವರು ಹಲಗೆಯನ್ನು ಗೋಡೆಗೆ ಮುಟ್ಟಿಸಿ 27 ಇಂಚು ಅಗಲ ಕೊಯ್ಯಲು ಹೊರಟರೆ ಒಂದು ಶೀಟಿನಲ್ಲಿ ಒಂದೇ ಪಕ್ಕ ಸಿಗುತ್ತದೆ. 24 ಇಂಚಾದರೆ ಒಂದೇ ಶೀಟನ್ನು ನಡುವೆ ಸೀಳಿದರೆ ಎರಡೂ ಪಕ್ಕ ಆಯಿತು. (ಗರಗಸ ತಿನ್ನುವ ನೂಲಿನಷ್ಟು ಕಡಿಮೆಯಾಗುತ್ತದೆ, ಅದಕ್ಕೆ ಚಿಂತೆ ಇಲ್ಲ.) ಹಲಗೆಯನ್ನು ಗೋಡೆಯಿಂದ 3 ಇಂಚು ಮುಂದಕ್ಕೆ ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಮೇಲೂ ಕೆಳಗೂ ಗೋಡೆಗೆ ಬಿಗಿಯಲು ಹೇಳಿ. ಆ 3 ಇಂಚಿನ ಸಂದೇ ಹಿಂದಿನ ಗಾಳಿಯ ದಾರಿ! ದುಡ್ಡೂ ಉಳಿಯಿತು, ಫ್ರಿಜ್ಜಿಗೆ ಉಸಿರೂ ಸಿಕ್ಕಿತು. ಮೇಲಿನ ಕಪಾಟೂ ಹಲಗೆಯ ಹಿಂದಿನ ಅಂಚಿಗೇ ನಿಲ್ಲಬೇಕು. ಅದು ಗೋಡೆಯವರೆಗೆ ಚಾಚಿದರೆ ಏರುವ ಬಿಸಿಗಾಳಿಗೆ ಮುಚ್ಚಳ ಹಾಕಿದ ಹಾಗಾಗುತ್ತದೆ.

ಈಗ ಮುಂಭಾಗ ನೋಡಿ. ಗೋಡೆಯಿಂದ ಹಲಗೆಯ ಮುಂದಿನ ಅಂಚಿಗೆ 3 ಮತ್ತು 24, ಒಟ್ಟು 27 ಇಂಚು. ಫ್ರಿಜ್ಜನ್ನು ಗೋಡೆಯಿಂದ 4 ಇಂಚು ಬಿಟ್ಟು ನಿಲ್ಲಿಸಿದರೆ ಬಾಗಿಲು ಬಿಟ್ಟು ಅದರ ಮೈ 23 ಇಂಚು, ಅದೂ 27ಕ್ಕೇ ಬರುತ್ತದೆ. 2 ಇಂಚು ದಪ್ಪದ ಬಾಗಿಲು ಮಾತ್ರ ಗೂಡಿನಿಂದ ಹೊರಗಿರುತ್ತದೆ. ಹೀಗೇ ಇರಬೇಕು. ಬಾಗಿಲು ಗೂಡಿನ ಒಳಗೆ ಸೇರಿಕೊಂಡರೆ ಪೂರ್ತಿ ತೆರೆಯುವುದಿಲ್ಲ. ಅರ್ಧ ತೆರೆದ ಬಾಗಿಲಿನಲ್ಲಿ ತರಕಾರಿ ಡಬ್ಬ ಹೊರಗೆಳೆಯಲು ಬರುವುದಿಲ್ಲ. ಪ್ರತಿ ಸಲ ಓರೆ ಮಾಡಿ ಎತ್ತಿ ಎತ್ತಿ ಡಬ್ಬದ ಅಂಚೇ ಸೀಳುತ್ತದೆ. ಕೀಲು ಇರುವ ಕಡೆ ಗೋಡೆಯ ಮೂಲೆ ಬಂದರೆ ಇನ್ನೂ ಕಷ್ಟ. ಅಳತೆ ತೆಗೆಯುವ ದಿನ ಬಾಗಿಲು ಪೂರ್ತಿ ತೆರೆದು, ಡಬ್ಬ ಹೊರಗೆಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಆ ಗೆರೆಯೊಳಗೆ ಏನೂ ಬರಕೂಡದು.

ಮೇಲೆ 54ರಿಂದ 78 ಇಂಚಿನವರೆಗೆ ಎರಡು ಅಡಿ ಎತ್ತರದ ಕಪಾಟು ಸಿಗುತ್ತದೆ. ಮೊದಲ ಶೀಟಿನಲ್ಲಿ ಉಳಿದ 18 ಇಂಚಿನ ತುಂಡಿನಲ್ಲಿ ಅದರ ಎರಡು ಪುಟ್ಟ ಬಾಗಿಲು, ಇನ್ನೊಂದು ಶೀಟಿನ ಅರ್ಧದಲ್ಲಿ ತಳ, ತಲೆ, ನಡುವಿನ ಒಂದು ಅರೆ. ಒಂದೂವರೆ ಶೀಟಿನಲ್ಲಿ ಮರದ ಕೆಲಸ ಮುಗಿಯಿತು. ಅಡುಗೆಮನೆಯ ಅಟ್ಟ ಏಳು ಅಡಿಯಲ್ಲಿದ್ದರೆ ಕಪಾಟಿಗೂ ಅಟ್ಟಕ್ಕೂ ನಡುವೆ 6 ಇಂಚು ಉಳಿಯುತ್ತದೆ. "ಧೂಳು ಕೂರುತ್ತೆ, ಪಟ್ಟಿ ಹೊಡೆದು ಮುಚ್ಚಿಬಿಡಲಾ?" ಅಂತ ಬಡಗಿಯವರು ಕೇಳೇ ಕೇಳುತ್ತಾರೆ. ಬೇಡ ಅನ್ನಿ. ಬಿಸಿಗಾಳಿ ಹೊರಬೀಳುವ ಬಾಗಿಲು ಅದು. ಧೂಳನ್ನು ಹದಿನೈದು ದಿನಕ್ಕೊಮ್ಮೆ ಒರೆಸಿದರಾಯಿತು. ಇನ್ನು ಈ ಕಪಾಟು ಸದಾ ಸ್ವಲ್ಪ ಬೆಚ್ಚಗಿರುತ್ತದೆ. ಎಣ್ಣೆ, ಉಪ್ಪಿನಕಾಯಿ, ಔಷಧಿ ಇಲ್ಲಿ ಬೇಡ. ಹಬ್ಬಕ್ಕೆ ಮಾತ್ರ ಇಳಿಸುವ ಪಾತ್ರೆ, ಚಕ್ಕುಲಿ ಒರಳು, ನೆಂಟರು ಬಂದಾಗ ಬೇಕಾಗುವ ತಟ್ಟೆ ಲೋಟಗಳಿಗೆ ಇದು ಸರಿಯಾದ ಜಾಗ.

ಮರವೋ ಕಲ್ಲೋ?

ಪ್ಲೈವುಡ್ ತರುವಾಗ ಅಂಗಡಿಯವರ ಬಾಯಿ ಮಾತು ನಂಬದೆ ಶೀಟಿನ ಮೇಲಿನ ಮುದ್ರೆ ನೋಡಿ. ಐಎಸ್ 710 ಎಂದಿದ್ದರೆ ಅದು ನೀರಿಗೆ ತಡೆಯುವ ಜಾತಿಯದು. ಐಎಸ್ 303ರಲ್ಲಿ ಎರಡು ಬಗೆ: 'ಬಿಡಬ್ಲ್ಯುಆರ್' ಎಂದಿದ್ದರೆ ಅಡುಗೆಮನೆಗೆ ಆದೀತು; 'ಎಂಆರ್' ಎಂದಿದ್ದರೆ ಅದು ಮಲಗುವ ಕೋಣೆಯ ಬೀರುವಿಗೆ ಸರಿ, ನೀರಾಡುವ ಜಾಗಕ್ಕೆ ಬೇಡ. ದಪ್ಪ 18 ಮಿಲಿಮೀಟರ್ ಇರಲಿ. ಒಳಮೈಗೂ ಮೈಕಾ ಹಾಕಿಸಿ. ಬರೀ ಹೊರಗೆ ಹಾಕಿಸಿ ಒಳಗೆ ಬಿಟ್ಟರೆ ಸೆಕೆಗೆ, ತೇವಕ್ಕೆ ಹಲಗೆ ಬಾಗುತ್ತದೆ. ನಾವು ದಿನಾ ನೆಲ ಒರೆಸುವವರು, ಹಬ್ಬಕ್ಕೆ ನೀರು ಸುರಿದು ತೊಳೆಯುವವರು. ಹಲಗೆಯ ಬುಡ ನೆಲಕ್ಕೆ ಮುಟ್ಟಿದರೆ ಎರಡು ವರ್ಷದಲ್ಲಿ ಉಬ್ಬಿ ಪದರ ಬಿಡುತ್ತದೆ. ಬುಡಕ್ಕೆ ಒಂದು ಗ್ರಾನೈಟ್ ಪಟ್ಟಿಯನ್ನೋ ಪ್ಲಾಸ್ಟಿಕ್ ಕಾಲನ್ನೋ ಕೊಡಿಸಿ. ಫ್ರಿಜ್ಜಿನ ಕೆಳಗೆ ಮಾತ್ರ ಮರದ ತಳ ಬೇಡವೇ ಬೇಡ. ಅದು ನೆಲದ ಮೇಲೆ, ತನ್ನ ಸ್ಟ್ಯಾಂಡಿನ ಮೇಲೆ ನಿಲ್ಲಲಿ. ತಣ್ಣನೆಯ ಗಾಳಿ ಬರುವುದು ಅಲ್ಲಿಂದಲೇ.

ಗೆದ್ದಲಿನ ಕಾಟ ಇರುವ ಊರಿನವರು, ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ಬೂಷ್ಟಿಗೆ ಸಾಕಾಗಿರುವವರು ಪ್ಲೈವುಡ್ಡಿನ ಮೋಹ ಬಿಟ್ಟು ಕಡಪ ಕಲ್ಲಿನ ಕಡೆ ನೋಡಿ. ನಮ್ಮ ಅಮ್ಮಂದಿರ ಕಾಲದ ಅಡುಗೆಮನೆಯ ಅರೆಗಳೆಲ್ಲ ಕಡಪದ್ದೇ ಅಲ್ಲವೇ? ಎರಡು ಪಕ್ಕಕ್ಕೂ ನಿಲ್ಲಿಸಿದ ಚಪ್ಪಡಿ, ಮೇಲೊಂದು ಅಡ್ಡ ಚಪ್ಪಡಿ, ಅದಕ್ಕೆ ಬೇಕಾದರೆ ಎರಡು ಬಾಗಿಲು. ಗೆದ್ದಲು ಹತ್ತದು, ನೀರಿಗೆ ಹೆದರದು. ಒಂದೇ ತೊಂದರೆ, ಒಮ್ಮೆ ಕೂರಿಸಿದರೆ ಜರುಗಿಸುವ ಹಾಗಿಲ್ಲ. ಅಳತೆಯಲ್ಲಿ ಇನ್ನೂ ಉದಾರವಾಗಿರಿ.

ಉದಾರ ಅಂದಾಗ ನೆನಪಾಯಿತು. ಗೂಡು ಇಪ್ಪತ್ತು ವರ್ಷ ಬಾಳಬಹುದು, ಫ್ರಿಜ್ಜು ಅಷ್ಟು ಬಾಳುವುದು ಅನುಮಾನ. ಮುಂದೆ ಎರಡು ಬಾಗಿಲಿನದು ತರೋಣ ಅಂತ ಮನಸ್ಸಿದ್ದರೆ ಈಗಲೇ ಅಗಲದಲ್ಲಿ 3 ಇಂಚು ಹೆಚ್ಚು ಬಿಡಿಸಿ. ಮೇಲಿನ ಕಪಾಟನ್ನು ಅಂಟು ಮೊಳೆಗಳಿಂದ ಕೂರಿಸದೆ ಸ್ಕ್ರೂ ಹಾಕಿ ಕೂರಿಸಲಿ. ಎತ್ತರದ ಫ್ರಿಜ್ಜು ಬಂದ ದಿನ ಬಿಚ್ಚಿ ತೆಗೆದರಾಯಿತು.

ಕರೆಂಟು ಮತ್ತು ಒಲೆ

ಸಾಕೆಟ್ಟು ಫ್ರಿಜ್ಜಿನ ಹಿಂದೆ ಹೂತುಹೋಗಬಾರದು. ಏನಾದರೂ ಆದಾಗ ಎದುರಿನಿಂದಲೇ ಕೈಗೆ ಸ್ವಿಚ್ಚು ಸಿಗಬೇಕು. ಆದ್ದರಿಂದ ಹಲಗೆ ನಿಲ್ಲಿಸುವ ಮುಂಚೆಯೇ ಎಲೆಕ್ಟ್ರೀಷಿಯನ್ನನ್ನು ಕರೆಸಿ ಸಾಕೆಟ್ಟನ್ನು ಪಕ್ಕಕ್ಕೆ ಹಾಕಿಸಿ. ಮೂರು ಪಿನ್ನಿನದಾಗಿರಲಿ, ಅರ್ಥಿಂಗ್ ಸರಿಯಿದೆಯೇ ಅಂತ ಪರೀಕ್ಷಿಸಲಿ. ಉದ್ದ ವೈರಿನ ಬೋರ್ಡನ್ನು ಎಳೆದು ಗೂಡಿನೊಳಗೆ ತುರುಕುವುದು ಬೇಡ. ಸ್ಟೆಬಿಲೈಸರ್ ಇದ್ದರೆ ಅದೂ ಬಿಸಿಯಾಗುತ್ತದೆ, ಅದನ್ನೂ ಗೂಡಿನ ಹೊರಗೆ ಗೋಡೆಗೆ ತಗುಲಿಹಾಕಿ.

ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿ ತಂಪು ಮಾಡಲು ಬಳಸುವುದು ಆರ್-600ಎ ಅನ್ನುವ ಅನಿಲ. ಅದು ಹೊತ್ತಿಕೊಳ್ಳುವ ಜಾತಿಯದು. ಇರುವ ಪ್ರಮಾಣ ಬಹಳ ಸಣ್ಣದು, ಕೊಳವೆಯೊಳಗೆ ಭದ್ರವಾಗಿರುತ್ತದೆ, ಹೆದರಬೇಕಾಗಿಲ್ಲ. ಆದರೆ ಎಂದಾದರೂ ಸೋರಿದರೆ ಗಾಳಿಯಲ್ಲಿ ಚದುರಿ ಹೋಗಬೇಕೇ ಹೊರತು ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಕೊಳ್ಳಬಾರದು. ಗಾಳಿಯ ದಾರಿಗಳನ್ನು ಮುಚ್ಚಬೇಡಿ ಅಂತ ಕಂಪನಿಯ ಪುಸ್ತಕದಲ್ಲಿ ಎಚ್ಚರಿಕೆ ಬರೆದಿರುವುದು ಇದಕ್ಕೂ ಸೇರಿ. ಗೂಡು ಒಲೆಗೆ ಅಂಟಿಕೊಂಡಿರುವುದೂ ಬೇಡ. ನಡುವೆ ಎರಡು ಮೂರು ಅಡಿ ಕಟ್ಟೆ ಇದ್ದರೆ ಒಳ್ಳೆಯದು. ಪಶ್ಚಿಮದ ಕಿಟಕಿಯ ಬಿಸಿಲು ನೇರ ಬೀಳುವ ಮೂಲೆಯೂ ಬೇಡ.

ಹೊರಗೆಳೆಯಲು ಬರಬೇಕು

ಇದನ್ನು ಮಾತ್ರ ಮರೆಯಬೇಡಿ. ಫ್ರಿಜ್ಜಿನ ಹಿಂದೆ, ಕಂಪ್ರೆಸರಿನ ಮೇಲೆ ಒಂದು ಪುಟ್ಟ ತಟ್ಟೆ ಇರುತ್ತದೆ. ಒಳಗಿನ ಮಂಜು ಕರಗಿದ ನೀರು ಅಲ್ಲಿ ಬಂದು ಸೇರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೆಂದರೆ ತವರುಮನೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗಿ ಎಷ್ಟು ಹೆಚ್ಚಿತೆಂದರೆ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಮನೆಯ ಸುತ್ತ ತೆಂಗಿನ ಚಿಪ್ಪು, ಟೈರು, ಡ್ರಮ್ಮು ಎಲ್ಲ ಬೋರಲು ಹಾಕುತ್ತೇವೆ. ಅಡುಗೆಮನೆಯೊಳಗಿನ ಈ ತಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೂಡು ಕಟ್ಟಿಸಿದ ಮೇಲಂತೂ ಬೀಳುವುದೇ ಇಲ್ಲ.

ಆದ್ದರಿಂದ ಫ್ರಿಜ್ಜಿಗೆ ಚಕ್ರವಿರುವ ಗಟ್ಟಿ ಸ್ಟ್ಯಾಂಡು ಕೊಡಿಸಿ, ಒಬ್ಬರೇ ಹೆಂಗಸು ನಿಧಾನವಾಗಿ ಮುಂದೆಳೆಯಲು ಬರುವಂತಿರಲಿ. ಹಿಂದಿನ ವೈರು ಎರಡು ಅಡಿ ಸಡಿಲವಿರಲಿ. ವಾರಕ್ಕೊಮ್ಮೆ, ಶುಕ್ರವಾರವೋ ಶನಿವಾರವೋ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮೊದಲು ಸ್ವಿಚ್ಚು ಆರಿಸಿ ಪಿನ್ನು ಕೀಳಿ, ಆಮೇಲೆ ಮುಂದೆಳೆದು ತಟ್ಟೆಯ ನೀರು ಚೆಲ್ಲಿ, ಒರೆಸಿ ಇಡಿ. ತಟ್ಟೆ ಕಳಚಲು ಬಾರದಿದ್ದರೆ ಒಣಬಟ್ಟೆಯಿಂದ ಹೀರಿಸಿ ತೆಗೆಯಿರಿ. ಮೂರು ತಿಂಗಳಿಗೊಮ್ಮೆ ಹಿಂದಿನ ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ. ಹೀಗೆ ಓಡಾಡುವ ಕೈ ಇರುವ ಕಡೆ ಜಿರಳೆಯೂ ಸಂಸಾರ ಹೂಡುವುದಿಲ್ಲ. ಸಂದು ಮುಚ್ಚುವುದು ಜಿರಳೆಗೆ ಮದ್ದಲ್ಲ. ಯಾರೂ ಕೈಹಾಕದ ಬೆಚ್ಚನೆಯ ಕತ್ತಲೇ ಅದಕ್ಕೆ ಬೇಕಾದದ್ದು.

ಸರಿಯಾಗಿದೆಯೇ ಅಂತ ತಿಳಿಯುವುದು ಹೇಗೆ?

ಗೂಡು ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಿ. ಫ್ರಿಜ್ಜಿಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಒಂದು ಲೋಟ ನೀರಿನಲ್ಲಿ ಅದನ್ನಿಟ್ಟು ರಾತ್ರಿ ನಡುವಿನ ಅರೆಯಲ್ಲಿ ಬಿಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿ. 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ ಕ್ಷೇಮ. ಗೂಡಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೋಡಿ ಬರೆದಿಟ್ಟುಕೊಂಡರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ನೋಡಿ. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ಜು ಮೆಲ್ಲಗೆ ಓಡುತ್ತಲೇ ಇರುತ್ತದೆ, ಅದು ತಪ್ಪಲ್ಲ. ಹಳೆಯ ಬಗೆಯದು ಮಾತ್ರ ನಡುನಡುವೆ ನಿಂತು ವಿಶ್ರಾಂತಿ ತೆಗೆದುಕೊಳ್ಳಬೇಕು. ಗಂಟೆಗಟ್ಟಲೆ ನಿಲ್ಲದೆ ಓಡಿದರೆ ಗಾಳಿ ಸಾಲುತ್ತಿಲ್ಲ ಅಂತಲೇ ತಿಳಿಯಿರಿ. 2006ರಿಂದ ಬಂದಿರುವ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ಟು ಅಂತ ಬರೆದಿರುತ್ತಾರಲ್ಲ, ಅದು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ ಅಳೆದ ಲೆಕ್ಕ. ಐದು ನಕ್ಷತ್ರದ ಫ್ರಿಜ್ಜನ್ನು ದುಡ್ಡು ಕೊಟ್ಟು ತಂದು ಉಸಿರು ಕಟ್ಟಿಸಿದರೆ ಆ ನಕ್ಷತ್ರಗಳು ಚೀಟಿಯಲ್ಲೇ ಉಳಿಯುತ್ತವೆ.

ಕೊನೆಯದಾಗಿ ಒಂದು ಮಾತು. ಮನೆಯ ಕೆಲಸ ಮಾಡಿಸುವಾಗ ಬಣ್ಣ ಯಾವುದು, ಹಿಡಿ ಯಾವುದು ಅಂತ ನಮ್ಮನ್ನು ಕೇಳುತ್ತಾರೆ. ಅಳತೆ, ವೈರು, ಗಾಳಿಯ ವಿಷಯ ಬಂದಾಗ ಬಡಗಿಯವರೂ ಯಜಮಾನರೂ ಹಜಾರದಲ್ಲೇ ಮಾತಾಡಿ ಮುಗಿಸುತ್ತಾರೆ. ಆ ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ಐವತ್ತು ಸಲ ತೆರೆಯುವವರು ಯಾರು? ಒಡೆದ ಹಾಲಿಗೆ, ಹಳಸಿದ ಸಾರಿಗೆ ಉತ್ತರ ಹೇಳಬೇಕಾದವರು ಯಾರು? ಹಾಗಾದ ಮೇಲೆ ಅಳತೆಯ ಟೇಪು ಹಿಡಿಯಲು ಸಂಕೋಚವೇಕೆ? ಒಂದು ಹಾಳೆಯಲ್ಲಿ ಪಕ್ಕಕ್ಕೆ 2, ಹಿಂದೆ 4, ಮೇಲೆ 6, ಮುಂದೆ ಬಾಗಿಲಿಲ್ಲ, ಕೆಳಗೆ ತಳವಿಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಬಡಗಿಯವರಿಗೆ ಒಂದು ಲೋಟ ಕಾಫಿ ಕೊಟ್ಟು, "ನೋಡಿ ಅಣ್ಣಾ, ಇದರಲ್ಲಿ ಒಂದು ಇಂಚೂ ಕಡಿಮೆ ಮಾಡಬೇಡಿ" ಅಂತ ಎದುರಿಗೇ ಹೇಳಿ. ಕೆಲಸ ಬಲ್ಲವರು ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಮನೆಯ ಗೂಡಿನ ಅಳತೆಯನ್ನು ಬರೆದು ಕಳಿಸಿದರೆ ಓದಲು ನನಗೂ ಸಂತೋಷ.